ಎಂಟನೆಯ ಭಾಗದ ಬಿಡಿಸದ ಹಾಳೆಗಳು

ಮಹಾರುದ್ರಪ್ಪನಿಗೆ ಹಳೆಯ ಸಾಹಸ ಕಾದಂಬರಿಗಳನ್ನು ಕೂಡಿಡುವ ಹುಚ್ಚು. ಗಟ್ಟಿ ರಟ್ಟು, ಬಟ್ಟೆಯ ಹೊದಿಕೆ, ಮೊದಲ ಮುದ್ರಣ. ಈ ಮೂರೂ ಇದ್ದರೆ ಎಷ್ಟು ದೂರದ ಊರಿಗಾದರೂ ಹೋಗಿ ತರುತ್ತಿದ್ದ. ಕಡಲುಗಳ್ಳರನ್ನು ಬೆನ್ನಟ್ಟುವ ಜಯಕೇತುವಿನ ಕಥೆ ಒಟ್ಟು ಹನ್ನೆರಡು ಭಾಗ. ಅವನ ಕಪಾಟಿನಲ್ಲಿ ಹನ್ನೊಂದಿದ್ದವು. ಏಳನೆಯದರ ಜಾಗ ಮಾತ್ರ ಇಪ್ಪತ್ತು ವರ್ಷದಿಂದ ಖಾಲಿ. ಎರಡು ಬೆರಳಗಲದ ಆ ಕತ್ತಲೆ ಅವನ ಕನಸಿಗೂ ಬರುತ್ತಿತ್ತು.

ಇದ್ದವುಗಳಲ್ಲಿ ಎಂಟನೆಯದರ ಮೇಲೆ ಅವನಿಗೆ ಜೀವ. ಆ ಕಾಲದಲ್ಲಿ ಕೆಲವು ಪ್ರತಿಗಳನ್ನು ಹಾಳೆಗಳ ಮಡಿಕೆ ಕತ್ತರಿಸದೆ ಹಾಗೇ ಹೊಲಿದು ಕಟ್ಟುತ್ತಿದ್ದರು. ಓದುವವನೇ ಚಾಕುವಿನಿಂದ ಬಿಡಿಸಿಕೊಳ್ಳಬೇಕು. ಈ ಪ್ರತಿಯನ್ನು ಯಾರೂ ಬಿಡಿಸಿರಲಿಲ್ಲ. ಮಹಾರುದ್ರಪ್ಪನೂ ಬಿಡಿಸಿರಲಿಲ್ಲ.

ಏಳನೆಯ ಭಾಗ ಅಥಣಿಯ ಅಂಬಕ್ಕ ಎಂಬ ಮುದುಕಿಯ ಬಳಿ ಇದೆಯೆಂದು ತಿಳಿದು ಒಂದು ಮಧ್ಯಾಹ್ನ ಹೋದ. ಬಟ್ಟೆಯ ಬಣ್ಣ ಹೊಂದುತ್ತದೋ ಇಲ್ಲವೋ ನೋಡಲು ಎಂಟನೆಯದನ್ನು ಚೀಲದಲ್ಲಿಟ್ಟುಕೊಂಡಿದ್ದ. ಬಣ್ಣ ಹೊಂದಿತು. ಎಷ್ಟು ಕೊಡಬೇಕೆಂದು ಕೇಳಿದ.

"ಒಯ್ರಿ, ರೊಕ್ಕ ಬ್ಯಾಡ," ಎಂದಳು ಅಂಬಕ್ಕ. ಅವಳ ಕಣ್ಣಿಗೆ ಪೊರೆ ಬಂದಿತ್ತು. "ಎಂಟನೇದರಾಗ ಏನಾತು, ಅದಷ್ಟು ಹೇಳ್ರಿ. ಇದರ ಕೊನೀಗೆ ಜಯಕೇತು ಬಾವ್ಯಾಗ ಬಿದ್ದ. ಮುಂದಿನ ಭಾಗ ನಮ್ಮ ವಾಚನಾಲಯಕ್ಕ ಬರಲೇ ಇಲ್ಲ. ಅರವತ್ತು ವರ್ಷ ಆತು, ಅಂವ ಇನ್ನೂ ಬಾವ್ಯಾಗ ಇದ್ದಾನ."

ಮಹಾರುದ್ರಪ್ಪ ಊಹಿಸಿ ಹೇಳಿದ. "ಹಗ್ಗ ಹಿಡಿದು ಮ್ಯಾಲ ಬಂದ, ಅವ್ವಾ."

ಅಂಬಕ್ಕ ನಕ್ಕಳು. "ಯಾವ ಹಗ್ಗ? ಕಳ್ಳರು ಸುಟ್ಟು ಬೂದಿ ಮಾಡ್ಯಾರ, ಇದರಾಗ ಬರದದ. ನೀವು ಪುಸ್ತಕ ಕೂಡಿಸೀರಿ, ಓದಿಲ್ಲ ನೋಡ್ರಿ."

ಮಹಾರುದ್ರಪ್ಪ ತಲೆ ತಗ್ಗಿಸಿದ. ಬಿಡಿಸಿದರೆ ಎಂಟನೆಯದು ಎಲ್ಲರ ಮನೆಯ ಪುಸ್ತಕದಂತಾಗುತ್ತದೆ. ಬಿಡಿಸದಿದ್ದರೆ ಏಳನೆಯದು ಸಿಗುವುದಿಲ್ಲ. ಎಂಟನೆಯದರ ಮಡಿಕೆಗಳ ಮೇಲೆ ಬೆರಳಾಡಿಸಿದ. ಮುದುಕಿ ಅವಸರ ಮಾಡಲಿಲ್ಲ. ಬಾವಿಯೊಳಗಿನಿಂದ ಯಾರೋ ಕೂಗುವುದನ್ನು ಆಲಿಸುವವಳಂತೆ ಕತ್ತು ವಾಲಿಸಿದ್ದಳು.

"ಒಂದು ಚಾಕು ಕೊಡ್ತೀರೇನು?" ಎಂದ ಕೊನೆಗೆ.

ಲಿಂಬೆಹಣ್ಣು ಹೆಚ್ಚುವ ಚಾಕು ಬಂತು. ಮೊದಲ ಮಡಿಕೆ ಸರ್ರನೆ ಬಿಚ್ಚಿಕೊಂಡಾಗ ಅರವತ್ತು ವರ್ಷ ಗಾಳಿ ಸೋಕದ ಕಾಗದದ ವಾಸನೆ ಮೇಲೆದ್ದಿತು. ಅವನು ಗಟ್ಟಿಯಾಗಿ ಓದತೊಡಗಿದ. ಹಾಳೆ ಬಿಚ್ಚುವುದು, ಓದುವುದು, ಮತ್ತೆ ಬಿಚ್ಚುವುದು. ಬಾವಿಯ ತಳದಲ್ಲೊಂದು ಸುರಂಗವಿತ್ತು. ಸುರಂಗದ ತುದಿಯಲ್ಲಿ ಕಡಲು. ಅಥಣಿಯ ಉರಿಬಿಸಿಲಿನ ಆ ಪಡಸಾಲೆಗೆ ಮೆಲ್ಲಗೆ ನೀರು ಬಂತು. ಕಂಬಗಳು ಹಾಯಿಮರಗಳಾದವು. ಅಂಬಕ್ಕ ಕಾಲುಗಳನ್ನು ಮೇಲೆತ್ತಿ ಕುಳಿತಳು. ಬೆಳದಿಂಗಳ ದಂಡೆಯಲ್ಲಿ ಜಯಕೇತು ಒದ್ದೆ ಬಟ್ಟೆಯಲ್ಲಿ ಎದ್ದು ನಿಂತಾಗ ಅವಳು "ಅಬ್ಬಾ!" ಎಂದು ಉಸಿರು ಬಿಟ್ಟಳು.

ಓದು ಮುಗಿಯುವಾಗ ಸಂಜೆಯಾಗಿತ್ತು. ಅವಳು ಏಳನೆಯ ಭಾಗವನ್ನು ಅವನ ಕಡೆ ಸರಿಸಿದಳು. "ತಗೋರಿ, ನಿಮ್ಮ ಮಾಲೆ ತುಂಬಿತು."

ಮಹಾರುದ್ರಪ್ಪ ಅದನ್ನು ಚೀಲಕ್ಕೆ ಹಾಕಲಿಲ್ಲ. "ಅದಿರಲಿ ಅವ್ವಾ," ಎಂದ. "ಅಂವ ಬಾವ್ಯಾಗ ಬಿದ್ದದ್ದರೆ ಹ್ಯಾಂಗ? ಮೊದಲು ಅದನ್ನ ಹೇಳ್ರಿ."

ಅಂಬಕ್ಕ ಪುಸ್ತಕ ಮುಟ್ಟದೆಯೇ ಶುರುಮಾಡಿದಳು.

ನೀತಿ: ಒಂದು ವಸ್ತು ಯಾತಕ್ಕಾಗಿ ಹುಟ್ಟಿತೋ ಆ ಕೆಲಸಕ್ಕೆ ಅದನ್ನು ಬಿಟ್ಟುಕೊಟ್ಟ ದಿನವೇ ಅದು ನಮ್ಮದಾಗುತ್ತದೆ. ಅಲ್ಲಿಯವರೆಗೆ ನಾವು ಅದರ ಕಾವಲುಗಾರರಷ್ಟೇ.