ಮೂಲೆ ಸೈಟಿನ ಬೇಲಿ

ಹಿರಿಯೂರಿನ ಹೊಸ ಬಡಾವಣೆಯ ಮೂಲೆ ಸೈಟಿನಲ್ಲಿ ಸುಶೀಲಾಬಾಯಿ ಒಬ್ಬರೇ ಇದ್ದರು. ಗಂಡ ತೀರಿಕೊಂಡ ಮೇಲೆ ಮನೆಯೊಳಗೆ ಅವರ ದನಿ ಅವರಿಗೇ ಅಪರೂಪವಾಗಿತ್ತು. ಬೇಲಿ ಸೊಂಟದೆತ್ತರ. ಸೊಪ್ಪು ಮಾರುವವಳೋ ಪೋಸ್ಟ್‌ಮ್ಯಾನೋ ಬಂದರೆ ಅದರ ಮೇಲೆ ಕೈಯಿಟ್ಟು ಎರಡು ಮಾತಾಡಿ ಹೋಗುತ್ತಿದ್ದರು.

ಒಂದು ದಿನ ಬಡಾವಣೆ ಸಂಘದ ಅಧ್ಯಕ್ಷ ರುದ್ರಮುನಿ ಬಂದು ಗುಡುಗಿದರು: "ನೋಡ್ರಮ್ಮ, ಇನ್ಮೇಲೆ ಎಲ್ಲರ ಬೇಲಿನೂ ಆರಡಿ ಇರಬೇಕು. ಸಂಘದ ರೂಲ್ಸು!"

"ಆಗಲಿ ಸಾರ್. ಹೇಗೆ ಕಾಣುತ್ತೆ ಅಂತ ಮೊದಲು ಬಟ್ಟೆ ಕಟ್ಟಿ ತೋರಿಸ್ತೀನಿ," ಅಂದರು ಸುಶೀಲಾಬಾಯಿ.

ಮರುದಿನ ಬೆಳಿಗ್ಗೆ ಗಳ ನೆಟ್ಟು, ಆರಡಿ ಎತ್ತರಕ್ಕೆ ಹಳೇ ಜಮಖಾನ, ಬೆಡ್‌ಶೀಟು ಕಟ್ಟಿದರು. ದಿನವೂ ಅದೇ ತಿರುವಿನಲ್ಲಿ ಹೋಗುವ ರುದ್ರಮುನಿಯವರ ಕಾರು ಬಂತು. ಬಲಗಡೆ ಏನೂ ಕಾಣಲಿಲ್ಲ. ಮುಂದೆ ಹೋದರೆ ಅಡ್ಡರಸ್ತೆಯ ಗಾಡಿಯ ಹಾರ್ನು, ಹಿಂದೆ ಬಂದರೆ ಹಿಂದಿನ ಗಾಡಿಯ ಹಾರ್ನು. ಇಳಿದು ಬಗ್ಗಿ ನೋಡಿದರು. ದಾರಿ ಖಾಲಿ. ಓಡಿಬಂದು ಸ್ಟೇರಿಂಗ್ ಹಿಡಿಯುವಷ್ಟರಲ್ಲಿ ಮತ್ತೆ ಹಾರ್ನು. ಮೂರನೇ ಸಲ ಇಳಿದಾಗ ಬೆವರಿ ಹೋಗಿದ್ದರು.

"ತೆಗೀರಮ್ಮ ಇದನ್ನ!"

"ರೂಲ್ಸು ಸಾರ್..."

"ಮೂಲೆ ಸೈಟಿಗೆ ರೂಲ್ಸೇ ಬೇರೆ! ಮೂರಡಿ ಮೀರಬಾರದು!"

"ಹಾಗಂತ ಬರೆದುಕೊಡಿ." ಕಾಗದ, ಪೆನ್ನು ಸಿದ್ಧವಾಗಿದ್ದವು.

ಸಹಿ ಹಾಕುತ್ತಾ ರುದ್ರಮುನಿ ಕೇಳಿದರು, "ಅಲ್ಲಮ್ಮ, ಮರೆ ಇದ್ರೆ ನಿಮಗೇ ಒಳ್ಳೇದಲ್ವಾ?"

"ಮರೆ ಆದ್ರೆ ನನ್ನ ಯಾರು ಮಾತಾಡಿಸ್ತಾರೆ ಸಾರ್? ಮರೆ ಇಲ್ಲದಾಗಲೇ, ನಿನ್ನೆ ಇಡೀ ದಿನ ನಂಗೆ ಸಿಕ್ಕಿದ್ದು ನೀವು ಬೈದ ಮಾತೊಂದೇ."

ರುದ್ರಮುನಿ ಸಹಿ ಹಾಕಿದ ಕಾಗದವನ್ನು ಅವರ ಕೈಗೆ ಕೊಟ್ಟರು. ಆಮೇಲೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಬಂದು, "ಕಾಫಿ ಸಿಗುತ್ತಾ ಅಮ್ಮ?" ಅಂದರು.