ಹಡಗಿಗೆ ಒಡಲು ಬಂದದ್ದು

"ಗುರುಗಳೇ, ಹಡಗು ಮರದ್ದು. ಆದರೂ ನೀರಿನೊಳಗಿರುವ ಅದರ ಭಾಗವನ್ನು ಖಲಾಸಿಗಳು ಒಡಲು ಎನ್ನುತ್ತಾರಲ್ಲ, ಯಾಕೆ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಮೊದಲು ಅದಕ್ಕೆ ಹಾಗೆ ಹೆಸರಿರಲಿಲ್ಲ. ಹಲಗೆ ಎನ್ನುತ್ತಿದ್ದರು, ಅಷ್ಟೆ. ಒಂದು ಬಂದರಿನಲ್ಲಿ ಒಬ್ಬ ವ್ಯಾಪಾರಿ ಹೊಸ ಹಡಗು ಕಟ್ಟಿಸಿದ. ಮಗಳ ಮದುವೆಯೂ ಆಗಷ್ಟೇ ಆಗಿತ್ತು. ಮೊದಲ ಪ್ರಯಾಣಕ್ಕೆ ಅಳಿಯನನ್ನೇ ಕಳಿಸುತ್ತೇನೆಂದು ಬೀಗರ ಮುಂದೆ ಜಂಬ ಕೊಚ್ಚಿಕೊಂಡಿದ್ದ.

ಆ ಊರಲ್ಲಿ ಒಂದು ಪದ್ಧತಿ. ಹೊಸ ಹಡಗನ್ನು ಕಡಲಿಗೆ ಇಳಿಸುವ ಮೊದಲು ದಡದಲ್ಲೇ ನಿಲ್ಲಿಸಿ ಅದರೊಳಗೆ ಕೊಡಗಟ್ಟಲೆ ನೀರು ಸುರಿಯುತ್ತಾರೆ. ಎಲ್ಲೆಲ್ಲಿ ಹೊರಗೆ ಜಿನುಗಿತೋ ಅಲ್ಲಲ್ಲಿ ಬಡಗಿ ಸುಣ್ಣದ ಗುರುತು ಹಾಕಿ, ಆಮೇಲೆ ಹೊರಗಿನಿಂದ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುರುಕುತ್ತಾನೆ. ಯಾರ ಹಡಗಾದರೂ ಮೊದಲ ಸಲ ಸೋರುವುದೇ. ಆದರೂ ನೋಡಲು ಊರಿಗೆ ಊರೇ ಸೇರುತ್ತದೆ. ಯಾರದ್ದು ಎಷ್ಟು ಕಡೆ ಸೋರಿತು ಎಂಬುದು ಮುಂದಿನ ವರ್ಷದವರೆಗೂ ಬಾವಿಕಟ್ಟೆಯ ಮಾತು.

ವ್ಯಾಪಾರಿಗೆ ಬೀಗರದೇ ಭಯ. ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಬಡಗಿಯನ್ನು ಕರೆದು, "ಒಳಗಡೆಯಿಂದ ದಪ್ಪಗೆ ರಾಳ ಬಳಿದುಬಿಡು. ಒಂದು ಹನಿಯೂ ಆಚೆ ಬರಕೂಡದು" ಎಂದ.

"ಸಾಹುಕಾರ್ರೇ, ಒಳಗಿನ ನೀರಾದರೆ ರಾಳವನ್ನು ಹಲಗೆಗೇ ಒತ್ತುತ್ತದೆ, ಸರಿ. ಕಡಲಿನ ನೀರು ಹೊರಗಿನಿಂದ ತಳ್ಳಿದರೆ ಅದೇ ರಾಳ ಸಿಪ್ಪೆಯ ಹಾಗೆ ಎದ್ದುಬರುತ್ತದಲ್ಲ?"

"ನನ್ನ ಬೀಗರು ನಿಂತು ನೋಡುವುದು ದಡದಲ್ಲಿ ಮಾರಾಯ. ನೀನು ಬಳಿ."

ಬಡಗಿ ಬಳಿದ. ಹೆಂಗಸರು ನೀರು ಸುರಿದರು. ಅಳಿಯನ ಸೋದರತ್ತೆ ಸೆರಗು ಸಿಕ್ಕಿಸಿಕೊಂಡು ಹಡಗಿನ ಸುತ್ತ ಬಗ್ಗಿ ಬಗ್ಗಿ ನೋಡಿದಳು, ಬೆರಳಿಂದ ಒತ್ತಿಯೂ ನೋಡಿದಳು. ಒಂದು ಹನಿ ಇಲ್ಲ. ಪಾಪ, ಆಡಿಕೊಳ್ಳಲು ಏನೂ ಸಿಗದೆ ಅವಳ ಮುಖ ಸಪ್ಪೆಯಾಯಿತು. ವ್ಯಾಪಾರಿ ಶಾಲು ಸರಿಮಾಡಿಕೊಂಡು ಸುಮ್ಮನೆ ಕೆಮ್ಮಿದ. ಸೋರದ ಹಡಗಿಗೆ ಹತ್ತಿ ಯಾಕೆ ಎಂದು, ಅದನ್ನು ಹಾಗೇ ಕಡಲಿಗೆ ಇಳಿಸಿದರು.

ದಡ ಕಣ್ಮರೆಯಾದ ಮೇಲೆ ರಾಳ ಎದ್ದಿತು. ಸಂದಿಸಂದಿಯಲ್ಲಿ ನೀರು ನುಗ್ಗಿತು. ಸರಕನ್ನು ಕಡಲಿಗೆ ಎಸೆದರು. ಇದ್ದಬದ್ದ ಬಟ್ಟೆಯನ್ನೆಲ್ಲ ತುರುಕಿದರು, ಅಳಿಯನ ಮದುವೆಯ ಪಂಚೆಯೂ ಹೋಯಿತು. ತುರುಕಿದ್ದು ಕಿತ್ತುಬರದಂತೆ, ಚುಕ್ಕಾಣಿ ಹಿಡಿದವನೊಬ್ಬನನ್ನು ಬಿಟ್ಟು ಅಳಿಯನೂ ಖಲಾಸಿಗಳೂ ಸಾಲಾಗಿ ಕೂತು ಸಂದಿಗಳಿಗೆ ಬೆನ್ನು ಕೊಟ್ಟರು. ಒಬ್ಬ ಎದ್ದರೆ ಎಲ್ಲರೂ ನೀರುಪಾಲು. ಹಡಗನ್ನು ತಿರುಗಿಸಿ, ಹಾಗೇ ಕೂತು ದಡ ಸೇರಿದರು. ಏಳುವಾಗ, ಅಳಿದುಳಿದ ರಾಳಕ್ಕೆ ಅಂಟಿಕೊಂಡಿದ್ದ ಬೆನ್ನಿನ ಚರ್ಮ ಹಲಗೆಯಲ್ಲೇ ಉಳಿಯಿತು. ಆವತ್ತಿನಿಂದ ಆ ಖಲಾಸಿಗಳು ಅದನ್ನು ಒಡಲು ಎಂದರು.

ಶಿಷ್ಯ ಕೇಳಿದ, "ಮತ್ತೆ ಆ ವ್ಯಾಪಾರಿ?"

"ಅವನು ಸಾಯುವ ತನಕ ಹಲಗೆ ಎಂದೇ ಕರೆದ, ಅವನ ಬೆನ್ನು ಅಲ್ಲಿರಲಿಲ್ಲವಲ್ಲ."