ಬೆನ್ನಿಗೆ ಬೆನ್ನು

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಸಿದ್ಧವೀರಮ್ಮ ಎಂಬ ಗುರು. ಎಲ್ಲರೂ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದರು.

ಅಮ್ಮ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಒಂದು ಸಲಕ್ಕೆ ಒಂದೇ ಮಗು.

ಜಿಲ್ಲೆಯಲ್ಲೊಂದು ದೊಡ್ಡ ವಸತಿ ಶಾಲೆ ಇತ್ತು. ಐದನೇ ತರಗತಿಯ ಮಕ್ಕಳು ಪರೀಕ್ಷೆ ಬರೆದು ಗೆದ್ದರೆ ಆರನೆಯದಕ್ಕೆ ಅಲ್ಲಿ ಸೇರಬಹುದು. ಬರೆಯುವವರು ಸಾವಿರಾರು, ಒಳಗೆ ಹೋಗುವವರು ಬೆರಳೆಣಿಕೆ. ಅಮ್ಮನ ಹತ್ತಿರ ಕಲಿತ ಮಕ್ಕಳು ಒಳಗೆ ಹೋಗುತ್ತಿದ್ದರು. ಹೋದವರು ಅಲ್ಲಿ ನೆಲೆಯೂರುತ್ತಿದ್ದರು.

ಅದನ್ನು ಕೇಳಿಕೊಂಡು ವಿರೂಪಾಕ್ಷ ಬಂದ. ಪೇಟೆಯಲ್ಲಿ ಅದೇ ಪರೀಕ್ಷೆಗೆ ಕೋಚಿಂಗ್ ಕ್ಲಾಸ್ ನಡೆಸುತ್ತಿದ್ದವನು. ಕೈಯಲ್ಲಿ ಮೈಕು, ಎದುರಿಗೆ ಹಾಲ್ ತುಂಬ ಮಕ್ಕಳು. ಪಾಸಾದವರ ಫೋಟೋ ರಸ್ತೆ ಬದಿಯ ಫ್ಲೆಕ್ಸ್ ಮೇಲೆ.

"ಅಮ್ಮಾ, ನನ್ನ ಮಕ್ಕಳೂ ಆಯ್ಕೆಯಾಗ್ತಾರೆ," ಎಂದ. "ಆದರೆ ದಸರಾ ರಜೆಗೆ ಮನೆಗೆ ಬಂದವರಲ್ಲಿ ಕೆಲವರು ವಾಪಸ್ ಹೋಗೋದೇ ಇಲ್ಲ. ಅಲ್ಲಿ ಏನೂ ತಲೆಗೆ ಹತ್ತೋದಿಲ್ಲ ಅಂತ ಅಳ್ತಾರೆ. ನಾನು ಕಲಿಸದೇ ಬಿಟ್ಟಿದ್ದು ಏನು?"

ಅಮ್ಮ ಹೊಳೆಯ ಮೆಟ್ಟಿಲ ಕಡೆ ಕೈ ತೋರಿಸಿದರು. ಅಲ್ಲೊಬ್ಬಳು ಹುಡುಗಿ ಕಾಲನ್ನು ನೀರಿಗೆ ಬಿಟ್ಟುಕೊಂಡು ಕೂತಿದ್ದಳು.

"ಈ ವರ್ಷ ಇವಳಿಗೆ ನೀನು ಕಲಿಸು."

"ಇವಳೊಬ್ಬಳಿಗೇ?"

"ಒಬ್ಬಳು ಸಾಲದೇನಪ್ಪಾ?"

ಹುಡುಗಿಯ ಹೆಸರು ಹುಲಿಗೆಮ್ಮ. ಹರಿಗೋಲು ನಡೆಸುವವನ ಮಗಳು. ಅವಳ ಊರಿನ ಶಾಲೆ ಐದನೇ ತರಗತಿಗೇ ಮುಗಿಯುತ್ತಿತ್ತು. ಮುಂದಿನ ಶಾಲೆ ಹೊಳೆಯಾಚೆ ಎಷ್ಟೋ ಮೈಲಿ, ಹೆಣ್ಣುಮಕ್ಕಳನ್ನು ಯಾರೂ ದಿನಾ ಅಷ್ಟು ದೂರ ಕಳಿಸುತ್ತಿರಲಿಲ್ಲ. ಅವಳ ಅಕ್ಕನ ಓದು ಐದಕ್ಕೇ ನಿಂತಿತ್ತು. ವಸತಿ ಶಾಲೆಯ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ಅದು ತಪ್ಪಿದರೆ ಹುಲಿಗೆಮ್ಮನ ಓದೂ ಅಲ್ಲಿಗೇ.

ವಿರೂಪಾಕ್ಷ ಆಶ್ರಮದಲ್ಲೇ ಉಳಿದು ಅವಳನ್ನು ಎದುರಿಗೆ ಕೂಡಿಸಿಕೊಂಡು ಕಲಿಸಿದ. ಪ್ರಶ್ನೆ ಓದುತ್ತಿದ್ದ. ಕೆಳಗಿನ ನಾಲ್ಕು ಉತ್ತರಗಳಲ್ಲಿ ಒಂದರ ಮೇಲೆ ಅವಳು ಬೆರಳಿಡುತ್ತಿದ್ದಳು. ಮೊದಮೊದಲು ಬರೀ ತಪ್ಪು. ದೀಪಾವಳಿ ಕಳೆಯುವಷ್ಟರಲ್ಲಿ ಬರೀ ಸರಿ.

ಅವನು ಹಿಗ್ಗಿಹೋದ. ಅಮ್ಮನನ್ನು ಕರೆತಂದ.

"ನೋಡಿ ಅಮ್ಮಾ."

ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ. ಹುಡುಗಿಯ ಬೆರಳು ಒಂದು ಸಲವೂ ತಪ್ಪಲಿಲ್ಲ.

ಅಮ್ಮ ಹುಡುಗಿಯ ಬೆರಳನ್ನು ನೋಡುತ್ತಿರಲಿಲ್ಲ, ಅವಳ ಕಣ್ಣನ್ನು ನೋಡುತ್ತಿದ್ದರು. ಮೆಲ್ಲನೆ ಎದ್ದು ಅಡುಗೆಮನೆಗೆ ಹೋಗಿ ಒಂದು ಮೊರ ತಂದರು.

"ಇದನ್ನು ನಿನ್ನ ಮುಖಕ್ಕೆ ಅಡ್ಡ ಹಿಡ್ಕೊ. ಈಗ ಕೇಳು."

ಅವನಿಗೆ ನಗು ಬಂತು. ಆದರೂ ಹಿಡಿದ, ಕೇಳಿದ.

ತಪ್ಪು. ಇನ್ನೊಂದು ಕೇಳಿದ, ಅದೂ ತಪ್ಪು. ಮೂರನೆಯದಕ್ಕೆ ಉತ್ತರವೇ ಬರಲಿಲ್ಲ.

"ಯಾಕೆ ಮಗಳೇ?" ಎಂದರು ಅಮ್ಮ.

"ಸರ್ ಮಾರಿ ಕಾಣವಲ್ದ್ರಿ."

"ಕಂಡರೆ ಏನಾಗ್ತದೆ?"

"ನನ್ನ ಬಟ್ಟು ಸರಿ ಉತ್ತರದ ಮ್ಯಾಲೆ ಬಂದ್ರ ಸರ್ ಹುಬ್ಬು ಸಡಲ ಆಗ್ತಾವ್ರಿ. ತಪ್ಪು ಉತ್ತರದ ಮ್ಯಾಲೆ ಬಂದ್ರ ಗಂಟಲು ಹಿಂಗ ಆಡತೈತ್ರಿ." ಹುಡುಗಿ ಗಂಟಲು ಆಡಿಸಿ ತೋರಿಸಿದಳು. ಅದರಲ್ಲಿ ಕಳ್ಳತನವೇನೂ ಇರಲಿಲ್ಲ. ಪಾಠವೆಂದರೆ ಅದೇ ಎಂದುಕೊಂಡಿದ್ದಳು.

ಮೊರದ ಹಿಂದೆ ವಿರೂಪಾಕ್ಷನ ಮುಖ ಕಪ್ಪಿಟ್ಟಿತು.

ಅಮ್ಮ ಮಾತ್ರ ಬೆರಗಾಗಿ ಹುಡುಗಿಯನ್ನೇ ನೋಡುತ್ತಿದ್ದರು.

"ಎಂಥ ಓದು! ನಿನ್ನನ್ನು ಪೂರ್ತಿ ಓದಿ ಮುಗಿಸಿಬಿಟ್ಟಿದ್ದಾಳಲ್ಲೋ!"

"ಇನ್ನೇನು ಮಾಡಲಿ ಅಮ್ಮಾ?"

"ಬೆನ್ನಿಗೆ ಬೆನ್ನು ಹಚ್ಚಿ ಕೂತುಕೊಳ್ಳಿ. ಪ್ರಶ್ನೆ ಓದು. ಆಮೇಲೆ ಅವಳು ಬಾಯಿ ಬಿಡೋವರೆಗೂ ನೀನು ಬಿಡಬೇಡ."

ಮಾರನೆಯ ಬೆಳಗ್ಗೆ ಹೊಳೆಯ ಮೆಟ್ಟಿಲ ಮೇಲೆ ಇಬ್ಬರೂ ಹಾಗೇ ಕೂತರು. ಅವನ ಮುಖ ಗುಡ್ಡದ ಕಡೆ, ಅವಳದು ನೀರಿನ ಕಡೆ. ಅವನು ಪ್ರಶ್ನೆ ಓದಿದ. ಕೆಳಗಿನ ನಾಲ್ಕು ಉತ್ತರಗಳನ್ನೂ ಒಂದೊಂದಾಗಿ ಓದತೊಡಗಿದ. ಮೂರನೆಯದು ಬಂದಾಗ ತಡೆಯಲಾಗದೆ ಒಮ್ಮೆ ಕೆಮ್ಮಿದ.

"ಮೂರನೇದ್ರಿ!" ಎಂದಳು ಹುಲಿಗೆಮ್ಮ ಥಟ್ಟನೆ.

ಆಮೇಲೆ ಅವನು ಕೆಮ್ಮುವುದನ್ನೂ ಬಿಟ್ಟ.

ಆ ದಿನ ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ. ಸುಮ್ಮನೆ ಕೂರುವುದು ಇಷ್ಟು ಕಷ್ಟದ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದ ಸುಳಿವುಗಳನ್ನೆಲ್ಲ ನುಂಗಿ ನುಂಗಿ ಹೊಟ್ಟೆ ಭಾರವಾಯಿತು. ಓಡಿಹೋಗಿ ಅಮ್ಮನ ಮುಂದೆ ನಿಂತ.

"ಪರೀಕ್ಷೆ ಹತ್ತಿರ ಬಂತು ಅಮ್ಮಾ. ಟೈಮ್ ಇಲ್ಲ."

"ಟೈಮ್ ಅವಳದು. ನೀನ್ಯಾಕೆ ಖರ್ಚು ಮಾಡ್ತೀಯ?"

ಅವನು ಮತ್ತೆ ಮೆಟ್ಟಿಲಿಗೆ ಹೋದ.

ಹೀಗೇ ಚಳಿಗಾಲ ಬಂತು. ಒಂದು ಬೆಳಗ್ಗೆ, ಹೊಳೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಅವನು ಓದಿದ.

"ಒಂದು ತೊಟ್ಟಿ. ದೊಡ್ಡ ನಲ್ಲಿ ಬಿಟ್ಟರೆ ಮೂರು ಗಂಟೆಯಲ್ಲಿ ತುಂಬುತ್ತದೆ. ಸಣ್ಣ ನಲ್ಲಿ ಬಿಟ್ಟರೆ ಆರು ಗಂಟೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ಎಷ್ಟು ಹೊತ್ತು?"

ಇದಕ್ಕೊಂದು ಸೂತ್ರವಿತ್ತು. ಪೇಟೆಯಲ್ಲಿ ಅದನ್ನು ಮೈಕಿನಲ್ಲಿ ಹಾಡಿನ ಹಾಗೆ ಹೇಳಿಸುತ್ತಿದ್ದ. ಇವಳಿಗೆ ಇನ್ನೂ ಹೇಳಿಕೊಟ್ಟಿರಲಿಲ್ಲ. ಅದು ನೆನಪಾಗಿ ಪ್ರಶ್ನೆ ವಾಪಸ್ ತೆಗೆದುಕೊಳ್ಳೋಣವೆಂದು ಬಾಯಿ ತೆರೆದ. ಅಮ್ಮನ ಮಾತು ನೆನಪಾಗಿ ಮುಚ್ಚಿದ.

ಹುಡುಗಿಯ ಬೆನ್ನು ಅವನ ಬೆನ್ನಿಗೆ ತಾಗಿಕೊಂಡಿತ್ತು. ಅವಳ ಉಸಿರು ಬಂದು ಹೋಗುವುದು ಅವನಿಗೆ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಉಸಿರು ನಿಧಾನವಾಯಿತು. ಒಂದು ಬೆರಳು ಕಲ್ಲಿನ ಮೇಲೆ ಏನೋ ಗೀಚತೊಡಗಿತು. ನಿಂತಿತು. ಮತ್ತೆ ಗೀಚಿತು. ಆಮೇಲೆ ಬೆರಳೂ ನಿಂತಿತು, ಉಸಿರೂ ನಿಂತಿತು. ಆ ಪುಟ್ಟ ಬೆನ್ನು ನೆಟ್ಟಗಾಯಿತು.

ವಿರೂಪಾಕ್ಷನೂ ಉಸಿರು ಬಿಗಿಹಿಡಿದ. ತನ್ನ ಬೆನ್ನ ಹಿಂದೆ ಏನೋ ಆಗುತ್ತಿದೆ, ಅದನ್ನು ತಾನು ಮಾಡುತ್ತಿಲ್ಲ ಎನ್ನುವುದಷ್ಟೇ ಅವನಿಗೆ ಗೊತ್ತಿತ್ತು.

"ಹಾಂ!" ಎಂದಳು ಹುಲಿಗೆಮ್ಮ.

ಬಹಳ ಸಣ್ಣ ಸದ್ದು. ಅವನ ಮೈಯೆಲ್ಲ ಜುಂ ಎಂದಿತು.

"ದೊಡ್ಡ ನಲ್ಲಿ ಎರಡು ಕೊಡ ತುಂಬಸೂದ್ರಾಗ ಸಣ್ಣದು ಒಂದು ಕೊಡ ತುಂಬಸತೈತಿ. ಹಂಗಾರ ತೊಟ್ಟಿನ ಮೂರು ಪಾಲು ಮಾಡ್ರಿ. ದೊಡ್ಡದಕ್ಕ ಎರಡು ಪಾಲು, ಸಣ್ಣದಕ್ಕ ಒಂದು ಪಾಲು. ಇಡೀ ತೊಟ್ಟಿಗೆ ದೊಡ್ಡದಕ್ಕ ಮೂರು ತಾಸು ಅಂದ್ರ, ಎರಡು ಪಾಲಿಗೆ ಎರಡ ತಾಸು! ಹೌದಲ್ರೀ ಸರ್?"

ಅವನು ಅವಳ ಕಡೆ ತಿರುಗಿ ಹೌದೆಂದ. ಅಷ್ಟು ವರ್ಷ ಆ ಲೆಕ್ಕ ಬಿಡಿಸಿದ್ದ. ತೊಟ್ಟಿಯನ್ನು ಆ ನಲ್ಲಿಗಳಿಗೆ ಪಾಲು ಮಾಡಿಕೊಡಬಹುದು ಎಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅವನು ಕಣ್ಣೊರೆಸಿಕೊಂಡು ಅಮ್ಮನ ಹತ್ತಿರ ಹೋದ.

"ಅಮ್ಮಾ, ಇವತ್ತು ಕೇಳಿಸಿತು."

"ಏನು?"

"ಒಂದು ಮಗುವಿಗೆ ಅರ್ಥವಾಗೋ ಸದ್ದು."

"ಇಷ್ಟು ವರ್ಷ ಕೇಳಿಸಿರಲಿಲ್ಲವೇ?"

"ಇಷ್ಟು ವರ್ಷ ನಾನು ಮಾತಾಡ್ತಿದ್ದೆ ಅಮ್ಮಾ."

ಅಮ್ಮ ಎದ್ದರು. ಹೊಳೆಗೆ ಇಳಿದು ಹೋಗಿ, ಹುಡುಗಿ ಕೂತಿದ್ದ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಪರೀಕ್ಷೆಯ ದಿನ ಬಂತು. ಶಾಲೆಯ ಗೇಟಿನ ಹೊರಗೆ ಜನವೋ ಜನ. ಅಪ್ಪಂದಿರು ಕಾಂಪೌಂಡ್ ಹತ್ತಿ, ಕಿಟಕಿಯೊಳಗಿನ ಮಕ್ಕಳಿಗೆ ಉತ್ತರದ ಬೆರಳ ಸನ್ನೆಗಳನ್ನು ಮತ್ತೊಮ್ಮೆ ತೋರಿಸುತ್ತಿದ್ದರು. ಹುಲಿಗೆಮ್ಮ ಚಪ್ಪಲಿ ಸರಿಮಾಡಿಕೊಂಡು ಒಳಗೆ ನಡೆದಳು. ವಿರೂಪಾಕ್ಷನ ಬಾಯಿಂದ ಕೊನೆಯ ಸುಳಿವೊಂದು ಹೊರಡುವುದರಲ್ಲಿತ್ತು. ಅಮ್ಮ ಅವನ ಭುಜದ ಮೇಲೆ ಕೈ ಇಟ್ಟರು.

ಮಧ್ಯಾಹ್ನ ಅವಳು ಹೊರಗೆ ಬಂದಳು.

"ಹೇಗಿತ್ತು?"

"ಒಂದು ಲೆಕ್ಕ ಬಿಡಸಾಕ ಆಗಲಿಲ್ರಿ ಸರ್." ಹುಡುಗಿಯ ಕಣ್ಣು ಮಿನುಗುತ್ತಿತ್ತು. "ಏನ್ ಚಂದ ಇತ್ರಿ ಅದು!"

ಮೂವರೂ ದಾರಿಯ ಬದಿಯ ಹುಣಸೆ ಮರದ ಕೆಳಗೆ ಕೂತು ಮಣ್ಣಿನಲ್ಲಿ ಆ ಲೆಕ್ಕ ಗೀಚಿದರು. ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ.

ಬೇಸಿಗೆಯಲ್ಲಿ ಫಲಿತಾಂಶ ಬಂತು. ಹುಲಿಗೆಮ್ಮ ಆಯ್ಕೆಯಾಗಿದ್ದಳು. ಅವಳಪ್ಪ ಆಶ್ರಮದ ಬಾಗಿಲಲ್ಲಿ ನಿಂತು ತಲೆಯ ಟವೆಲ್ ತೆಗೆದು ಮುಖ ಮುಚ್ಚಿಕೊಂಡ.

ದಸರಾ ರಜೆ ಮುಗಿದ ಮೇಲೆ ವಿರೂಪಾಕ್ಷ ಅಂಜುತ್ತಲೇ ವಸತಿ ಶಾಲೆಗೆ ಹೋಗಿ ಅವಳನ್ನು ನೋಡಿದ.

"ಪಾಠ ಕಷ್ಟವೇನಮ್ಮಾ?"

"ಭಾಳ ಕಷ್ಟ ಐತ್ರಿ. ಒಮ್ಮೊಮ್ಮೆ ಏನೂ ತಿಳಿಯಂಗಿಲ್ಲ."

"ಆಗ ಏನು ಮಾಡ್ತೀಯ?"

"ಗ್ವಾಡಿಗೆ ಬೆನ್ನು ಹಚ್ಚಿ ಕುಂದರತೀನ್ರಿ. ತಿಳಿಯೂತನಕ."

ಅವನು ದಾರಿಯುದ್ದಕ್ಕೂ ಹಗುರಾಗಿ ವಾಪಸ್ ಬಂದ. ತನಗೆ ಗುಟ್ಟು ಸಿಕ್ಕಿತೆಂದು ಅವನಿಗೆ ಅನ್ನಿಸಿತು.

ಆಶ್ರಮದಲ್ಲಿ ಆ ವರ್ಷದ ಮಗು ಅವನಿಗಾಗಿ ಕಾಯುತ್ತಿತ್ತು. ದುರುಗೇಶ ಎಂದು ಹೆಸರು. ಬೆಳಗ್ಗೆ ಅವನ ಅಜ್ಜಿ ಕರೆತಂದು ಬಿಟ್ಟುಹೋಗಿದ್ದಳು. ವಿರೂಪಾಕ್ಷ ಚೀಲವನ್ನೂ ಇಳಿಸದೆ ಹುಡುಗನನ್ನು ಮೆಟ್ಟಿಲಿಗೆ ಕರೆದೊಯ್ದು ನೀರಿನ ಕಡೆ ಮುಖ ಮಾಡಿ ಕೂಡಿಸಿದ. ತಾನು ಬೆನ್ನಿಗೆ ಬೆನ್ನು ಹಚ್ಚಿ ಕೂತ. ಪ್ರಶ್ನೆ ಓದಿದ. ಕಣ್ಣು ಮುಚ್ಚಿದ.

ಈಗ ಅವನಿಗೆ ಕಾಯುವುದು ಗೊತ್ತಿತ್ತು. ಹೊತ್ತು ಇಳಿಯಿತು. ಹುಡುಗನ ಉಸಿರು ತಡೆತಡೆದು ಬರುತ್ತಿತ್ತು. ಬೆನ್ನು ಸಣ್ಣಗೆ ನಡುಗುತ್ತಿತ್ತು. ಬರುತ್ತಿದೆ, ಇಗೋ ಬಂತು, ಎಂದುಕೊಂಡು ಅವನು ಮೈಯೆಲ್ಲ ಕಿವಿಯಾಗಿ ಕೂತ.

ಅಮ್ಮ ನೀರಿಗೆಂದು ಕೊಡ ಹಿಡಿದು ಬಂದವರು ಮೆಟ್ಟಿಲ ಮೇಲೆ ನಿಂತರು.

"ಏನು ಮಾಡ್ತಿದ್ದೀಯಪ್ಪಾ?"

"ಕಾಯ್ತಿದ್ದೀನಮ್ಮಾ," ಎಂದ ಅವನು ಕಣ್ಣು ತೆರೆಯದೆ. "ನೀವು ಕಲಿಸಿದ ಹಾಗೇ."

ಅಮ್ಮ ಕೊಡವನ್ನು ಕೆಳಗಿಟ್ಟರು. ಹುಡುಗನ ಮುಂದೆ ಕುಕ್ಕರಗಾಲಲ್ಲಿ ಕೂತು, ಸೆರಗಿನಿಂದ ಅವನ ಒದ್ದೆ ಕೆನ್ನೆ ಒರೆಸಿದರು.

"ಈ ಕಡೆ ತಿರುಗು ವಿರೂಪಾಕ್ಷಾ. ಈ ಮಗುವನ್ನು ನೀನಿನ್ನೂ ನೋಡೇ ಇಲ್ಲ."